ಕಿವಿಯೊಳಗಿನ ಲೆಕ್ಕ

ಬರ್ರಾ ಊರು ದಾಟಿ ಮೂಡಣಕ್ಕೆ ಮೂವತ್ತು ಮೈಲಿ,
ಡಾಂಬರು ಮುಗಿದು ಕೆಮ್ಮಣ್ಣು ಹತ್ತುವಲ್ಲಿ
ಲೋರ್ನಾ ಟ್ರೆಲೋರ್ ಜೀಪು ನಿಲ್ಲಿಸುತ್ತಾಳೆ.
ದಾರಿ ನಡುವೆ ಬಿಸಿಲು ಕಾಯಿಸುತ್ತ ಮಲಗಿದೆ
ನಮ್ಮ ಹಾವುರಾಣಿಯ ದೊಡ್ಡಪ್ಪನಂಥದು:
ಗಿಡ್ಡ ಕಾಲು, ತಲೆಯಷ್ಟೇ ದಪ್ಪ ಬಾಲ,
ಎತ್ತ ಹೊರಟಿದೆಯೆಂದು ಅದಕ್ಕೇ ಗೊತ್ತಿದ್ದಂತಿಲ್ಲ.

ಎತ್ತಿಕೊಂಡರೆ ನೀಲಿ ನಾಲಗೆ ಚಾಚಿ ಬುಸುಗುಡುತ್ತದೆ.
ಆಯ್ತಪ್ಪಾ, ಹೆದರಿದೆ, ಅನ್ನುತ್ತೇನೆ ಕನ್ನಡದಲ್ಲಿ.
ಮಡಿಲಲ್ಲಿ ಟವೆಲು, ಟವೆಲಲ್ಲಿ ಅದು.
ಬ್ಯಾಟರಿ ಬಿಟ್ಟು ಕಿವಿಯೊಳಗೆ ನೋಡುತ್ತೇನೆ:
ಒಂದು, ಎರಡು, ಅಂಚಿಗೆ ಸಾಲಾಗಿ ಮರಿಗಳು,
ಹುರುಪೆಯ ಸಂದಿಯಲ್ಲಿ ಹರಳುಬೀಜದಂಥ ಹೆಣ್ಣೊಂದು,
ಉಂಡುಂಡು ಉಬ್ಬಿ ತನ್ನ ಕಾಲೆಲ್ಲಿವೆಯೋ ಮರೆತದ್ದು.
"ಹನ್ನೊಂದು," ಅನ್ನುತ್ತೇನೆ. ಲೋರ್ನಾ ಬರೆದುಕೊಳ್ಳುತ್ತಾಳೆ.
ಕೀಳುವುದಿಲ್ಲ. ಎಣಿಸುವುದು, ಬಿಡುವುದು. ಅಷ್ಟೇ ಕೆಲಸ.

ಈ ಕೆಲಸಕ್ಕೆ ಸಂಬಳವೆಂದರೆ ನಮ್ಮಜ್ಜಿ ಕ್ಯಾಕರಿಸಿ ಉಗಿಯುತ್ತಿದ್ದಳು.
ಚಳ್ಳಕೆರೆಯ ರೊಪ್ಪದಲ್ಲಿ ದೀಪ ಹಚ್ಚುವ ಮುಂಚೆ
ಕುರಿಯ ಕಿವಿ ಮಡಿಚಿ, ಉಗುರಲ್ಲಿ ಚಿವುಟಿ ಕಿತ್ತು
ಸೀಮೆಎಣ್ಣೆಯ ಡಬ್ಬಿಗೆ ಹಾಕುವಳು,
ಒಂದನ್ನೂ ಎಣಿಸದೆ.
ಕುರಿಯ ಮೈಯಿಂದ ಬರುವ ಎರಡಕ್ಕೂ ಅವಳದ್ದು ಒಂದೇ ಹೆಸರು:
ಕಂಬಳಿಗೆ ಉಣ್ಣೆ, ಡಬ್ಬಿಗೆ ಉಣ್ಣೆ.
ಯಾವುದನ್ನು ಅನ್ನುತ್ತಿದ್ದಾಳೆಂದು
ಬೆರಳು ನೋಡಿ ತಿಳಿಯಬೇಕು.

ಇದನ್ನೊಮ್ಮೆ ಮರ್ವ್ ನೋಸ್ಕಿಗೆ ಹೇಳಿದೆ,
ಬೇಲಿಯಾಚೆ ನಾಲ್ಕು ಸಾವಿರ ಕುರಿಯ ಒಡೆಯ.
ಟೋಪಿ ಹಿಂದಕ್ಕೆ ತಳ್ಳಿ ತುಂಬ ಹೊತ್ತು ಯೋಚಿಸಿ,
"ಹಾಗಾದರೆ ಉಣ್ಣೆಯ ಬೆಲೆ ಏರಿತು ಅಂದಾಗ
ನಿಮ್ಮವರು ಸಂತೋಷ ಪಡುವುದು ಯಾವುದಕ್ಕೆ?" ಅಂದ.
ನಕ್ಕನೋ ಇಲ್ಲವೋ, ನೊಣದ ಪರದೆಯ ಹಿಂದೆ ಕಾಣಲಿಲ್ಲ.

ಅವನ ಕುರಿಗಳ ಮೇಲೆ ಇದಕ್ಕೆ ಅಷ್ಟೇನೂ ಆಸೆಯಿಲ್ಲ.
ನೀಲಿಪೊದೆಯ ಬುಡದ ಕಸದಲ್ಲಿ ಕೂತು
ಒಂದು ಬೇಸಗೆ ಕಳೆಯುತ್ತದೆ, ಒಂದು ಚಳಿ ಕಳೆಯುತ್ತದೆ,
ತಣ್ಣನೆಯ ಹೊಟ್ಟೆಯೊಂದು ಬಂದು
ಮೇಲೆ ಮಲಗುವ ತನಕ.
ಕೆಚ್ಚಲಿಗೆ ಕಚ್ಚಿದ್ದರೂ ಹಾಲಿನ ರುಚಿ ಕಾಣದ್ದು ಎಂದು
ದಡ್ಡರನ್ನು ಬೈಯಲು ನಮ್ಮಲ್ಲಿ ಉಣ್ಣೆ ಬೇಕು.
ಇಲ್ಲಿ ಕೆಚ್ಚಲೆಲ್ಲಿ? ಹಾಲೆಲ್ಲಿ?
ಇದ್ದದ್ದನ್ನು ಉಂಡಿತು. ಏನೆಂದು ಬೈಯಲಿ.

ಲೋರ್ನಾಳ ನಕಾಶೆಯಲ್ಲಿ ಪೆನ್ಸಿಲಿನ ಗೆರೆಯೊಂದಿದೆ.
ಈಚೆಗೆ ಒಂದು ಜಾತಿಯ ಉಣ್ಣೆ, ಆಚೆಗೆ ಇನ್ನೊಂದು.
ಇಳಿದು ನೋಡಿದೆ: ಅದೇ ಮಣ್ಣು, ಅದೇ ಕುರುಚಲು,
ಎರಡೂ ಕಡೆ ಅದೇ ಇರುವೆ.
ಹೊತ್ತೊಯ್ದರೂ ಆಚೆ ಸಂಸಾರ ಹೂಡದಂತೆ.
"ಯಾಕೆ?" ಅಂದೆ.
"ಅದನ್ನು ಕೇಳುತ್ತಲೇ ಇದು ನೆರೆತದ್ದು," ಅಂದಳು,
ಜಡೆ ಎತ್ತಿ ತೋರಿಸಿ.

ನಿನ್ನೆ ಸಂಜೆ, ಮೋರ್ಗನ್ ತಿರುವಿನಲ್ಲಿ,
ನಲವತ್ತಾರನೆಯದರ ಹೆಣ್ಣು ಲಾರಿಗೆ ಸಿಕ್ಕಿತ್ತು.
ಗಂಡು ಪಕ್ಕದಲ್ಲೇ ಕೂತಿತ್ತು.
ಎತ್ತಿ ಪೊದೆಯ ಬಳಿ ಬಿಟ್ಟೆ; ನಡೆದು ಬಂತು.
ಮತ್ತೆ ಬಿಟ್ಟೆ. ಮತ್ತೆ ಬಂತು,
ಆ ಗಿಡ್ಡ ಕಾಲಲ್ಲಿ, ಅವಸರವಿಲ್ಲದೆ.
ಏಳು ವಸಂತ ಒಂದೇ ಪೊದೆಯಡಿ ಮಲಗಿದ ಜೋಡಿ;
ಒಂದೇ ಹಾಸಿಗೆಯ ಉಣ್ಣೆ ಇಬ್ಬರ ಕಿವಿಗೂ.
ಸತ್ತದ್ದರಲ್ಲಿ ಆರು, ಇನ್ನೂ ಕಚ್ಚಿಕೊಂಡೇ ಇದ್ದವು,
ಸುದ್ದಿ ತಲುಪಿರಲಿಲ್ಲವೇನೋ.
ಬದುಕಿದ್ದರಲ್ಲಿ ಒಂಬತ್ತು.

"ಎಷ್ಟು?" ಜೀಪಿನಿಂದ ಲೋರ್ನಾಳ ದನಿ.
ಬಗ್ಗಿ ನೋಡಿಕೊಂಡರೆ ನನ್ನ ಎರಡು ಉಗುರಿನ ನಡುವೆ
ಒಂದು, ಕಾಲಾಡಿಸುತ್ತಿತ್ತು.
ಸುತ್ತ ಎಲ್ಲೂ ಡಬ್ಬಿಯಿಲ್ಲ.
"ಎಂಟು," ಅಂದೆ.